ನಮಗಾಗಿ ದುಡಿಯುವವರೊಡನೆ ಕ್ರೈಸ್ತ ವಿಶ್ವಾಸಿಯ ನಡವಳಿಕೆ

ಹೋಟೆಲಿನಲ್ಲಿ ಊಟ ಬಡಿಸುವವರು, ಅಂಗಡಿಯಲ್ಲಿ ಬಿಲ್ ಮಾಡುವವರು, ಮನೆಬಾಗಿಲಿಗೆ ಪಾರ್ಸೆಲ್ ತರುವವರು, ಶೌಚಾಲಯ ತೊಳೆಯುವವರು, ಫೋನಿನಲ್ಲಿ ನಮ್ಮ ದೂರು ಕೇಳಿಸಿಕೊಳ್ಳುವವರು, ಇವರೆಲ್ಲರಿಗೂ ಒಂದೇ ಬಗೆಯ ಕಷ್ಟವಿದೆ: ನಾವು ಎಷ್ಟೇ ಗದರಿದರೂ ಅವರು ತಿರುಗಿ ಮಾತನಾಡುವಂತಿಲ್ಲ. ಹೀಗೆ ಎದುರುತ್ತರ ಕೊಡಲಾಗದವರ ಮುಂದೆ ನಾವು ಆಡುವ ಮಾತಿನಲ್ಲಿ ನಮ್ಮ ವಿಶ್ವಾಸದ ನಿಜವಾದ ಅಳತೆ ಸಿಗುತ್ತದೆ ಎಂದು ನಾನು ನಂಬಿದ್ದೇನೆ.

ಮೊದಲು ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ದಯೆಯ ಮಾತು ಆಮೇಲಿನದು. ಬಡ ಕೂಲಿಯಾಳು ಸ್ವಜನನಾಗಿರಲಿ ಪರದೇಶಿಯಾಗಿರಲಿ, ಅವನ ಕೂಲಿಯನ್ನು ಆಯಾ ದಿನವೇ ಸೂರ್ಯ ಮುಳುಗುವುದರೊಳಗೆ ಕೊಟ್ಟುಬಿಡಬೇಕೆಂದು ಬೈಬಲಿನ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಆಜ್ಞಾಪಿಸುತ್ತದೆ. ಅವನು ಆ ಕೂಲಿಯನ್ನೇ ನೆಚ್ಚಿಕೊಂಡಿರುತ್ತಾನೆ ಎಂಬ ಕಾರಣವನ್ನೂ ಅಲ್ಲೇ ಕೊಡುತ್ತದೆ. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎಂದು ಯಾಕೋಬನು ಬೈಬಲಿನಲ್ಲೇ ಇರುವ ತನ್ನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಎಚ್ಚರಿಸುತ್ತಾನೆ. ಆದ್ದರಿಂದ ಮನೆಗೆ ರಿಪೇರಿಗೆ ಬಂದವರಿಗೆ ‘ನಾಳೆ ಬಾ’ ಎನ್ನಬೇಡಿ, ಕೆಲಸ ಮುಗಿದ ಮೇಲೆ ಚೌಕಾಸಿಗೆ ಇಳಿಯಬೇಡಿ, ಬಿಲ್ಲಿನಲ್ಲಿ ಒಂದು ವಸ್ತು ಬಿಟ್ಟುಹೋಗಿದ್ದರೆ ನೀವಾಗಿಯೇ ತಿಳಿಸಿರಿ. ಆ ಕೊರತೆಯನ್ನು ಕೌಂಟರಿನಲ್ಲಿ ಕುಳಿತವರೇ ತುಂಬಿಕೊಡಬೇಕಾಗಿ ಬರಬಹುದು.

ಮಾತನ್ನು ನೀವೇ ಆರಂಭಿಸಿರಿ. ರೂತಳ ಗ್ರಂಥದಲ್ಲಿ ಹೊಲದ ಒಡೆಯನಾದ ಬೋವಜನು ಬಂದೊಡನೆ ಕೊಯ್ಯುವವರಿಗೆ ಕರ್ತನು ನಿಮ್ಮೊಂದಿಗಿರಲಿ ಎಂದು ತಾನೇ ಮೊದಲು ಹರಸುತ್ತಾನೆ. ಅವರೂ ಅವನನ್ನು ಹರಸುತ್ತಾರೆ. ಒಡೆಯನು ಮೊದಲು ನಮಸ್ಕರಿಸುವ ಈ ಸಣ್ಣ ಸಂಗತಿ ನನಗೆ ಬಹಳ ಪ್ರಿಯವಾದದ್ದು. ಕೌಂಟರಿನ ಮುಂದೆ ನಿಂತಾಗ ಫೋನನ್ನು ಕಿವಿಯಿಂದ ಕೆಳಗಿಳಿಸಿ, ಮುಖ ನೋಡಿ ಮಾತನಾಡಿಸಿರಿ. ಚಿಟಿಕೆ ಹೊಡೆದು ಕರೆಯುವುದನ್ನೂ, ಹಿರಿಯರನ್ನು ಏಕವಚನದಲ್ಲಿ ಸಂಬೋಧಿಸುವುದನ್ನೂ ಬಿಟ್ಟುಬಿಡಿ.

ಭಾನುವಾರದ ಆರಾಧನೆ ಮುಗಿಸಿ ಸಭೆಯವರು ಗುಂಪಾಗಿ ಊಟಕ್ಕೆ ಹೋಗುವ ಸಂದರ್ಭಕ್ಕೆ ಇನ್ನಷ್ಟು ಎಚ್ಚರಿಕೆ ಬೇಕು. ನಾಲ್ಕು ಮೇಜುಗಳನ್ನು ಒಟ್ಟಿಗೆ ಎಳೆದುಕೊಂಡು, ಒಬ್ಬೊಬ್ಬರು ಒಂದೊಂದು ಸಲ ಆರ್ಡರ್ ಬದಲಾಯಿಸಿ, ಕೊನೆಗೆ ಎಲ್ಲರೂ ತಲೆಬಾಗಿಸಿ ದೀರ್ಘವಾಗಿ ಪ್ರಾರ್ಥಿಸುತ್ತಿರುವಾಗ, ಬಿಸಿ ತಟ್ಟೆಗಳನ್ನು ಎರಡೂ ಕೈಗಳಲ್ಲಿ ಹಿಡಿದ ಒಬ್ಬ ಹುಡುಗ ಎಲ್ಲಿ ಇಡುವುದೆಂದು ತಿಳಿಯದೆ ಪಕ್ಕದಲ್ಲೇ ನಿಂತಿರುತ್ತಾನೆ. ದೊಡ್ಡ ಗುಂಪಾಗಿದ್ದರೆ ಮೊದಲೇ ತಿಳಿಸಿರಿ, ಆರ್ಡರನ್ನು ಒಬ್ಬರೇ ಹೇಳಿರಿ, ಪ್ರಾರ್ಥನೆಯನ್ನು ತಟ್ಟೆಗಳು ಬರುವ ಮುನ್ನವೇ ಮುಗಿಸಿರಿ. ಮಕ್ಕಳು ಚೆಲ್ಲಿದ್ದನ್ನು ದೊಡ್ಡವರು ಆದಷ್ಟು ಒರೆಸಿರಿ. ಶಿಷ್ಯರ ಕಾಲು ತೊಳೆದ ಕರ್ತನಾದ ಯೇಸುವನ್ನು ಹಿಂಬಾಲಿಸುವವರಿಗೆ ಇದು ಕೀಳು ಕೆಲಸವೆನಿಸಬಾರದು. ಬಾಗಿಲು ಮುಚ್ಚುವ ಹೊತ್ತಾದರೆ ಮಾತು ನಿಲ್ಲಿಸಿ ಏಳಿರಿ. ದಾಸದಾಸಿಯರಿಗೂ ವಿಶ್ರಾಂತಿ ಸಿಗಬೇಕೆಂಬುದು ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಆಜ್ಞೆಯಲ್ಲೇ ಅಡಕವಾಗಿದೆ.

ತಪ್ಪಾದಾಗ ದೂರು ಹೇಳಲೇಬಾರದು ಎಂದೇನೂ ಇಲ್ಲ. ಆದರೆ ತಪ್ಪು ಯಾರದ್ದೆಂದು ಮೊದಲು ವಿಚಾರಿಸಿರಿ: ಊಟ ತಡವಾದದ್ದು ಅಡುಗೆಮನೆಯಲ್ಲಿರಬಹುದು, ಹಣ ಹಿಂದಿರುಗದಿರುವುದು ಸಂಸ್ಥೆಯ ನಿಯಮದಿಂದಿರಬಹುದು, ಬೈಗುಳ ಮಾತ್ರ ಎದುರಿಗೆ ಸಿಕ್ಕವರ ಪಾಲಾಗುತ್ತದೆ. ‘ನೀವು ಯಾವಾಗಲೂ ಹೀಗೆಯೇ’ ಎನ್ನುವ ಬದಲು ಏನಾಯಿತು, ಈಗ ಏನು ಆಗಬೇಕು ಎಂಬುದನ್ನಷ್ಟೇ ಮೆಲುದನಿಯಲ್ಲಿ ಹೇಳಿರಿ. ಮೃದುವಾದ ಉತ್ತರ ಕೋಪವನ್ನು ಆರಿಸುತ್ತದೆ ಎಂಬ, ಬೈಬಲಿನ ಜ್ಞಾನೋಕ್ತಿ ಗ್ರಂಥದ ಮಾತು ದೂರು ಕೊಡುವವರಿಗೂ ಸಲ್ಲುತ್ತದೆ. ದುಡಿಯುವವರು ತಮ್ಮ ಕಷ್ಟ ಹೇಳಿಕೊಂಡರೆ ಕಿವಿಗೊಡಿರಿ. ತನ್ನ ದಾಸದಾಸಿಯರ ವ್ಯಾಜ್ಯವನ್ನು ಅಲಕ್ಷಿಸಿದರೆ ದೇವರಿಗೆ ಏನೆಂದು ಉತ್ತರ ಕೊಡಲಿ ಎಂದು ಬೈಬಲಿನ ಭಕ್ತ ಯೋಬನು ಕೇಳಿಕೊಂಡಿದ್ದು, ತನ್ನನ್ನು ಗರ್ಭದಲ್ಲಿ ರೂಪಿಸಿದವನೇ ಅವರನ್ನೂ ರೂಪಿಸಿದನೆಂಬ ಅರಿವಿನಿಂದಲೇ. ಸಿಟ್ಟಿನ ಭರದಲ್ಲಿ ಆ್ಯಪಿನಲ್ಲಿ ಒಂದೇ ಸ್ಟಾರ್ ಕೊಡುವುದನ್ನೂ ಮುಂದೂಡಿರಿ. ಆ ರೇಟಿಂಗ್ ಒಬ್ಬರ ಮುಂದಿನ ಕೆಲಸವನ್ನೇ ನಿರ್ಧರಿಸಬಹುದು. ಕೆಲಸ ಚೆನ್ನಾಗಿ ಮಾಡಿದವರ ಹೆಸರನ್ನು ಮೇಲಧಿಕಾರಿಗೆ ಬರೆದು ತಿಳಿಸುವುದಕ್ಕೆ ಐದು ನಿಮಿಷ ಸಾಕು.

ಇನ್ನು ಸುವಾರ್ತೆಯ, ಎಂದರೆ ಯೇಸುವಿನ ಶುಭವಾರ್ತೆಯನ್ನು ಸಾರುವ, ವಿಷಯ. ಟಿಪ್ಸ್ ಕೊಡಬೇಕಾದ ಕಡೆ ಹಣದ ಬದಲು ಕರಪತ್ರ ಇಟ್ಟು ಬರುವುದು ತಪ್ಪು, ಅದನ್ನು ಖಂಡಿತವಾಗಿ ಮಾಡಬೇಡಿ. ಕೈಗೆ ಬರಬೇಕಾದದ್ದು ಬಾರದೆ ಹೋದ ವ್ಯಕ್ತಿಗೆ ಆ ಕಾಗದದಲ್ಲಿ ಶುಭವಾದ ವಾರ್ತೆ ಯಾವುದೂ ಕಾಣುವುದಿಲ್ಲ. ಕೆಲಸದ ಜಾಗ ಬಿಟ್ಟು ಕದಲಲಾಗದವರನ್ನು ನಿಲ್ಲಿಸಿಕೊಂಡು ಬೋಧಿಸುವುದೂ ಸರಿಯಲ್ಲ. ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಸಾತ್ವಿಕತೆಯಿಂದಲೂ ಗೌರವದಿಂದಲೂ ಉತ್ತರ ಕೊಡಲು ಸಿದ್ಧರಾಗಿರಿ ಎಂದು ಯೇಸುವಿನ ಶಿಷ್ಯ ಪೇತ್ರನು ತನ್ನ ಮೊದಲನೆಯ ಪತ್ರಿಕೆಯಲ್ಲಿ ಬರೆದಿದ್ದಾನೆ. ಅವರಾಗಿ ಕೇಳಿದರೆ ಎರಡು ಮಾತಿನಲ್ಲಿ ಹೇಳಿ, ಬಿಡುವಿನ ವೇಳೆ ಯಾವುದೆಂದು ವಿಚಾರಿಸಿಕೊಂಡು, ಹಿಂದೆ ಸಾಲಿನಲ್ಲಿ ಕಾಯುತ್ತಿರುವವರಿಗೆ ಜಾಗ ಬಿಡಿ.