ಅವ್ವನ ಜೊತೆ ಸಾಣಾಪುರ ಕೆರೆಗೆ ಹೋದಾಗ ಫೋಟೊ ತೆಗೆಯೋದು ಹೇಗೆ

ನಾವು ಗಂಗಾವತಿಯವರು. ಭಾನುವಾರ ಬಿಡುವಾದರೆ ನಾನು, ನನ್ನ ಹೆಂಡತಿ, ಅವ್ವ, ಇಬ್ಬರು ಮಕ್ಕಳು ಹಂಪಿ ಎದುರು ದಡದ ಆನೆಗೊಂದಿ ಕಡೆ ಹೊರಡುತ್ತೇವೆ. ಕ್ಯಾಮೆರಾ ನನ್ನ ಹೆಗಲಿಗೆ, ಬುತ್ತಿ ಹೆಂಡತಿ ಕೈಗೆ. ಒಬ್ಬನೇ ಹೋದರೆ ಬೆಳಕಿಗಾಗಿ ಎರಡು ತಾಸು ಬೇಕಾದರೂ ಕಾಯಬಹುದು. ಮನೆಯವರು ಜೊತೆಗಿದ್ದಾಗ ಹಾಗಾಗಲ್ಲ. ಅವರ ಊಟ, ಆಟ, ದಣಿವು ಯಾವಾಗ ಅಂತ ನೋಡಿಕೊಂಡು ಅದಕ್ಕೆ ಬೆಳಕನ್ನು ಹೊಂದಿಸಿಕೊಳ್ಳಬೇಕು.

ಮೊದಲು ಜಾಗ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ಮೊಣಕಾಲು ನೋಡಿ ಜಾಗ ಆರಿಸಿ. ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಮೇಲೆ ನಿಂತರೆ ನದಿ, ಬಾಳೆ ತೋಟ, ಆಚೆ ದಡದಲ್ಲಿ ಹಂಪಿಯ ವಿರೂಪಾಕ್ಷ ಗುಡಿಯ ಗೋಪುರ, ಎಲ್ಲಾ ಕಾಣುತ್ತೆ. ಆದರೆ ಅವ್ವ ಕೆಳಗೆ ಒಬ್ಬಳೇ ಕೂತಿದ್ದಾಳೆ ಅನ್ನೋದು ತಲೆಯಲ್ಲಿದ್ದರೆ ಫೋಟೊ ಮೇಲೆ ಮನಸ್ಸು ನಿಲ್ಲಲ್ಲ. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಬೇರೆ ದಿನ ಬೆಳಗ್ಗೆ ಹೋಗುತ್ತೇನೆ. ಅವ್ವ ಬಂದ ದಿನ ಸಾಣಾಪುರ ಕೆರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸುತ್ತ ಬಂಡೆ, ಚಾಪೆ ಹಾಸಿ ಕೂರೋಕೆ ಜಾಗ. ಮಕ್ಕಳನ್ನು ಮಾತ್ರ ನೀರಿಗೆ ಇಳಿಸಬೇಡಿ. ಕಲ್ಲು ಜಾರುತ್ತೆ.

ಇನ್ನು ಹೊತ್ತು. ಕೈ ನೇರ ಚಾಚಿ, ಸೂರ್ಯನಿಗೂ ಗುಡ್ಡದ ತುದಿಗೂ ನಡುವೆ ಎಷ್ಟು ಬೆರಳು ಅಡ್ಡ ಹಿಡಿಯುತ್ತವೆ ಎಣಿಸಿ. ಒಂದು ಬೆರಳಿಗೆ ಸುಮಾರು 15 ನಿಮಿಷ, ನಾಲ್ಕು ಬೆರಳಿಗೆ ಒಂದು ತಾಸು. ಬಯಲಿನ ಅಂಚಿನಿಂದ ಅಳೆಯಬೇಡಿ. ನಮ್ಮ ಕಡೆ ಸೂರ್ಯ ಗುಡ್ಡದ ಹಿಂದೆ ಬೇಗ ಮರೆಯಾಗುತ್ತಾನೆ. ಆರು ಬೆರಳು ಇರುವಾಗಲೇ ನಾವು ಬುತ್ತಿ ಬಿಚ್ಚುತ್ತೇವೆ. ಮೂರು ಬೆರಳಿಗೆ ಬರುವಷ್ಟರಲ್ಲಿ ಎಲ್ಲರ ಹೊಟ್ಟೆ ತುಂಬಿರುತ್ತೆ, ನಾನು ಏಳುತ್ತೇನೆ. ಒಮ್ಮೆ ಇದನ್ನು ತಿರುವುಮುರುವು ಮಾಡಿ, ಫೋಟೊ ಆದಮೇಲೆ ಊಟ ಅಂದಿದ್ದೆ. ಸಣ್ಣವಳು ಹಸಿದು ಅತ್ತಳು. ಅವ್ವ ಕತ್ತಲಲ್ಲಿ ಕಲ್ಲುಗಳ ನಡುವೆ ನನ್ನ ಕೈ ಹಿಡಿದು ನಡೆದಳು. ಆ ದಿನದ ಫೋಟೊಗಳನ್ನು ಇವತ್ತಿಗೂ ನೋಡೋಕೆ ಮನಸ್ಸಾಗಲ್ಲ.

ಸಂಜೆ ಎಲ್ಲರೂ ಸೂರ್ಯನ ಕಡೆಗೇ ಮೊಬೈಲ್ ಹಿಡಿಯುತ್ತಾರೆ. ನೀವು ಒಂದು ಸಲ ಹಿಂದೆ ತಿರುಗಿ. ಇಳಿಬಿಸಿಲು ನೇರ ಬಿದ್ದು ಪೂರ್ವದ ಬಂಡೆಗಳು ಬೆಲ್ಲದ ಬಣ್ಣಕ್ಕೆ ಬಂದಿರುತ್ತವೆ. ಪಕ್ಕಕ್ಕೆ, ಅಂದರೆ ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿದರೆ ಇನ್ನೂ ಚೆನ್ನ. ಪ್ರತಿ ಬಂಡೆಗೂ ಒಂದು ಮಗ್ಗುಲು ಬೆಳಕು, ಒಂದು ಮಗ್ಗುಲು ನೆರಳು. ಅದರಿಂದಲೇ ಬಂಡೆ ಗುಂಡಗೆ ಕಾಣೋದು. ಮಧ್ಯಾಹ್ನದ ಬಿಸಿಲಲ್ಲಿ ಅದೇ ಬಂಡೆ ಬಿಳಿ ಕಾಗದದ ಹಾಗೆ ಚಪ್ಪಟೆ.

ಮೊಬೈಲ್ ಆದರೆ ಲೆನ್ಸ್ ಒರೆಸಿ, ಗ್ರಿಡ್ ಗೆರೆ ಹಾಕಿಕೊಳ್ಳಿ, ಆಕಾಶದ ಮೇಲೆ ಬೆರಳಿಟ್ಟು ಬ್ರೈಟ್‌ನೆಸ್ ಸ್ವಲ್ಪ ಇಳಿಸಿ. ಕ್ಯಾಮೆರಾದಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನೋದು) 100, ಲೆನ್ಸಿನ ಕಿಂಡಿಯ ಅಳತೆ ಎಫ್ 8 ಅಥವಾ 11 ಸಾಕು. ಟ್ರೈಪಾಡ್ ನಾನು ಒಯ್ಯಲ್ಲ. ಒಂದು ಕಿಲೊ ಜೋಳ ತುಂಬಿದ ಬಟ್ಟೆ ಚೀಲ ಒಯ್ಯುತ್ತೇನೆ. ಅದನ್ನು ಬಂಡೆ ಮೇಲಿಟ್ಟು, ಕ್ಯಾಮೆರಾ ಅದರಲ್ಲಿ ಹುದುಗಿಸಿ, 2 ಸೆಕೆಂಡ್ ಟೈಮರ್ ಹಾಕಿದರೆ ಕತ್ತಲಾದಮೇಲೂ ಅಲುಗಲ್ಲ.

ನಮ್ಮ ಬಂಡೆಗಳ ಫೋಟೊದಲ್ಲಿ ಒಂದು ತೊಂದರೆ ಇದೆ. ಮನೆಯಷ್ಟು ದೊಡ್ಡ ಕಲ್ಲು ಫೋಟೊದಲ್ಲಿ ಉಂಡೆಯಷ್ಟಾಗುತ್ತೆ. ಬುಡದಲ್ಲಿ ಒಬ್ಬರು ಮನುಷ್ಯರು ಇದ್ದರೆ ಮಾತ್ರ ಅದರ ಗಾತ್ರ ತಿಳಿಯುತ್ತೆ. ಮನೆಯವರು ಜೊತೆಗಿರೋದು ಇಲ್ಲೇ ದೊಡ್ಡ ಅನುಕೂಲ ಅಲ್ವಾ? ಆದರೆ ನಿಲ್ಲಿ, ನಗಿ, ಇತ್ತ ನೋಡಿ ಅನ್ನಬೇಡಿ. ದೂರ ಹೋಗಿ, ಮೊಬೈಲಲ್ಲಿ ಎರಡು ಮೂರು ಪಟ್ಟು ಜೂಮ್ ಮಾಡಿ. ಹಿಂದಿನ ಗುಡ್ಡ ಹತ್ತಿರ ಬಂದ ಹಾಗೆ ಕಾಣುತ್ತೆ. ಅವ್ವ ಕೆಂಪು ಇಳಕಲ್ ಸೀರೆ ಉಟ್ಟು ಕಾಲು ಚಾಚಿ ಕೂತಿರುತ್ತಾಳೆ. ನನ್ನನ್ನು ನೋಡಿದರೆ "ನಂದ್ಯಾಕ ತಗೀತಿಯಪಾ, ಗುಡ್ಡ ತಗಿ" ಅನ್ನುತ್ತಾಳೆ. ಆ ಕೆಂಪು ಚುಕ್ಕೆ ಇಲ್ಲದೆ ಆ ಗುಡ್ಡ ನನಗೆ ಬೇಡ.

ಗಾಳಿ ಜಾಸ್ತಿ ಇದ್ದರೆ ಕೆರೆಯಲ್ಲಿ ಪ್ರತಿಬಿಂಬ ಸಿಗಲ್ಲ. ಆಗ ಗದ್ದೆಗೆ ಬನ್ನಿ. ಕಾಲುವೆಗೆ ನೀರು ಬಿಟ್ಟು, ನಾಟಿಗೆ ಮುಂಚೆ ಗದ್ದೆಯಲ್ಲಿ ನೀರು ನಿಲ್ಲಿಸಿರುವ ದಿನಗಳು ಬಹಳ ಕಡಿಮೆ. ಅವನ್ನು ಕಳೆದುಕೊಳ್ಳಬೇಡಿ. ತೆಳು ನೀರು, ಸುತ್ತ ಬದು, ಹಾಗಾಗಿ ಅಲೆ ಅಷ್ಟಾಗಿ ಏಳಲ್ಲ. ಕುಕ್ಕರಗಾಲಲ್ಲಿ ಕೂತು ಕ್ಯಾಮೆರಾ ನೀರಿನ ಹತ್ತಿರ ತನ್ನಿ. ಇಡೀ ಗುಡ್ಡ ತಲೆಕೆಳಗಾಗಿ ಗದ್ದೆಯಲ್ಲಿ ಇಳಿದಿರುತ್ತೆ. ಬದುವಿನ ಮೇಲೆ ಹೋಗುವ ಮುಂಚೆ ಹೊಲದವರನ್ನು ಕೇಳಿ. ಹಸಿ ಬದು ತುಳಿದರೆ ಕುಸಿಯುತ್ತೆ.

ಸೂರ್ಯ ಮುಳುಗಿದ ಕೂಡಲೇ ಗಾಡಿ ಹತ್ತಬೇಡಿ. ಹತ್ತು ನಿಮಿಷ ಪೂರ್ವದ ಕಡೆ ನೋಡುತ್ತಿರಿ. ಅಂಚಿನಲ್ಲಿ ನೀಲಿ, ಅದರ ಮೇಲೆ ತೆಳು ಗುಲಾಬಿ ಪಟ್ಟಿ ಏಳುತ್ತೆ. ಆ ಹೊತ್ತಿಗೆ ಹೆಂಡತಿ ಚಾಪೆ ಸುತ್ತುತ್ತಿರುತ್ತಾಳೆ, ಮಗ ಟಾರ್ಚ್ ಹಿಡಿದು ಅವ್ವನ ಪಕ್ಕ ನಿಂತಿರುತ್ತಾನೆ. ನಾನು ಜೋಳದ ಚೀಲದ ಮೇಲೆ ಕ್ಯಾಮೆರಾ ಇಟ್ಟು ಕೊನೆಯ ಎರಡು ಫೋಟೊ ತೆಗೆದು, ಚೀಲ ಎತ್ತಿಕೊಳ್ಳುತ್ತೇನೆ.