ಬಾಲಿಗೆ ಹೊರಡುವ ಮುನ್ನ ಅಲ್ಲಿನ ಪಂಚಾಂಗ ನೋಡಿ

ಬಾಲಿ ಪ್ರವಾಸದ ಯೋಜನೆಯನ್ನು ಹೋಟೆಲ್ ಹುಡುಕಾಟದಿಂದ ಆರಂಭಿಸುವುದು ರೂಢಿ. ಆದರೆ ಇಂಡೊನೇಷ್ಯಾದ ಈ ಹಿಂದೂ ದ್ವೀಪದಲ್ಲಿ ಯಾವ ಅಂಗಡಿ ತೆರೆದಿರುತ್ತದೆ, ಯಾವ ರಸ್ತೆಯಲ್ಲಿ ಮೆರವಣಿಗೆ ಸಾಗುತ್ತದೆ ಎಂಬುದನ್ನು ಹಬ್ಬಗಳೇ ನಿರ್ಧರಿಸುವುದರಿಂದ ಮೊದಲು ದಿನಾಂಕಗಳನ್ನು ಪರಿಶೀಲಿಸಬೇಕು. ಶಕ ವರ್ಷದ ಮೊದಲ ದಿನವಾದ ನ್ಯೆಪಿ ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬರುತ್ತದೆ. ಕೆಲವು ವರ್ಷ ನಮ್ಮ ಯುಗಾದಿಯ ಆಸುಪಾಸಿಗೇ ಬೀಳುತ್ತದೆ. ಅಂದು ಬೆಳಗಿನ 6ರಿಂದ 24 ಗಂಟೆಗಳ ಕಾಲ ವಿಮಾನ ನಿಲ್ದಾಣ ಮುಚ್ಚಿರುತ್ತದೆ, ಬೀದಿಗಿಳಿಯಲು ಯಾರಿಗೂ ಅನುಮತಿ ಇರುವುದಿಲ್ಲ, ಪ್ರವಾಸಿಗರೂ ಹೋಟೆಲಿನ ಆವರಣದೊಳಗೇ ಉಳಿಯಬೇಕು. ಹಿಂದಿನ ಸಂಜೆ ಒಗೊಹ್ ಒಗೊಹ್ ಎಂಬ ಬೃಹತ್ ರಾಕ್ಷಸ ಪ್ರತಿಮೆಗಳನ್ನು ಹೆಗಲ ಮೇಲೆ ಹೊತ್ತು ಊರೂರಲ್ಲಿ ಮೆರವಣಿಗೆ ಮಾಡುತ್ತಾರೆ. ಒಂದು ದಿನ ಕೋಣೆಯೊಳಗೆ ಕೂರುವ ತಾಳ್ಮೆ ಇರುವವರು ಇದನ್ನು ನೋಡಲೆಂದೇ ಆ ವಾರವನ್ನು ಆರಿಸಿಕೊಳ್ಳಬಹುದು. 210 ದಿನಗಳಿಗೊಮ್ಮೆ ಬರುವ ಗಲುಂಗಾನ್ ಹಬ್ಬದಲ್ಲಿ ಬೀದಿಯ ಇಕ್ಕೆಲದಲ್ಲೂ ಅಲಂಕರಿಸಿದ ಬಾಗುಬಿದಿರುಗಳು ನಿಲ್ಲುತ್ತವೆ. ನೋಟ ಸೊಗಸು, ಆದರೆ ಕುಶಲಕರ್ಮಿಗಳೂ ಚಾಲಕರೂ ತಮ್ಮ ಊರಿಗೆ ಹೋಗಿರುತ್ತಾರೆ.

ಎರಡನೆಯ ನಿರ್ಧಾರ ತಂಗುವ ಜಾಗದ್ದು. ದಕ್ಷಿಣದ ಕುಟಾ, ಸೆಮಿನ್ಯಾಕ್, ಚಂಗು ಕಡಲತೀರ ಮತ್ತು ರಾತ್ರಿಜೀವನಕ್ಕೆ ಹೆಸರಾದರೆ, ಒಳನಾಡಿನ ಉಬುದ್ ಕಲೆಯ ಕೇಂದ್ರ. ನಕ್ಷೆಯಲ್ಲಿ ಹತ್ತಿರ ಕಾಣುವ ದೂರವನ್ನು ಕ್ರಮಿಸಲು ಕಿರಿದಾದ ರಸ್ತೆಗಳ ದಟ್ಟಣೆಯಿಂದಾಗಿ ಬಹಳ ಹೊತ್ತು ಹಿಡಿಯುವ ಕಾರಣ, ಒಂದೇ ಹೋಟೆಲಿನಿಂದ ದಿನವೂ ಓಡಾಡುವ ಬದಲು ವಾಸ್ತವ್ಯವನ್ನು ಎರಡು ಕಡೆ ಹಂಚಿಕೊಳ್ಳುವುದೇ ಲೇಸು. ಬಾಡಿಗೆಗೆ ಸ್ಕೂಟರ್ ಪಡೆಯುವುದಾದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಜೊತೆಗಿರಲಿ. ಅದಿಲ್ಲದೆ ಅಪಘಾತವಾದರೆ ವಿಮೆಯ ಹಣ ಸಿಗುವುದು ಕಷ್ಟ. 2024ರ ಫೆಬ್ರವರಿಯಿಂದ ವಿದೇಶಿ ಪ್ರವಾಸಿಗರು ವೀಸಾ ಶುಲ್ಕದ ಜೊತೆಗೆ 1,50,000 ರುಪಿಯಾ ದ್ವೀಪಶುಲ್ಕವನ್ನೂ ಕಟ್ಟಬೇಕಾಗಿದೆ.

ಕನ್ನಡದ ಪ್ರವಾಸಿಗೆ ಬಾಲಿಯ ನಿಜವಾದ ಆಕರ್ಷಣೆ ಅದರ ರಂಗಕಲೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕಥೆ ಮೊದಲೇ ಗೊತ್ತಿರುವ ಪ್ರೇಕ್ಷಕನಿಗೆ ಅಭಿನಯದ ಸೂಕ್ಷ್ಮಗಳನ್ನು ಗಮನಿಸಲು ಬಿಡುವಿರುತ್ತದೆ. ಉಲುವಾಟು ದೇವಾಲಯದ ಬಂಡೆಯಂಚಿನಲ್ಲಿ ಸೂರ್ಯಾಸ್ತದ ವೇಳೆಗೆ ನಡೆಯುವ ಕೆಚಕ್ ಎಂಬ ರಾಮಾಯಣದ ನೃತ್ಯನಾಟಕದಲ್ಲಿ ವಾದ್ಯಗಳೇ ಇಲ್ಲ. ವೃತ್ತಾಕಾರವಾಗಿ ಕುಳಿತ ಗಂಡಸರ ‘ಚಕ್ ಚಕ್’ ಉದ್ಗಾರದ ಲಯದಲ್ಲೇ ಸೀತಾಪಹರಣದಿಂದ ಹನುಮಂತನನ್ನು ಬೆಂಕಿಗೆ ಒಡ್ಡುವವರೆಗಿನ ಪ್ರಸಂಗಗಳು ಸಾಗುತ್ತವೆ. ಇದು ಪ್ರಾಚೀನವೆಂದು ಮಾರ್ಗದರ್ಶಿಗಳು ಹೇಳಿದರೂ, ಸಂಘ್ಯಾಂಗ್ ಎಂಬ ಆವೇಶಾಚರಣೆಯ ಮೇಳಗಾನವನ್ನು ಆಧರಿಸಿದ ಇಂದಿನ ರೂಪ 1930ರ ದಶಕದಲ್ಲಿ ನರ್ತಕ ವಾಯನ್ ಲಿಂಬಾಕ್ ಮತ್ತು ಜರ್ಮನ್ ಕಲಾವಿದ ವಾಲ್ಟರ್ ಸ್ಪೀಸ್ ಅವರ ಒಡನಾಟದಲ್ಲಿ ಬೆಳೆಯಿತು. ಒಳ್ಳೆಯ ಆಸನ ಬೇಕಿದ್ದರೆ ಬೇಗ ಹೋಗಬೇಕು. ಅಲ್ಲಿನ ಕೋತಿಗಳು ಕನ್ನಡಕ ಕಸಿಯುವುದರಲ್ಲಿ ನಿಪುಣವಾದ್ದರಿಂದ ಅದನ್ನು ಚೀಲದೊಳಗಿಡಬೇಕು. ಗಮೆಲಾನ್ ವಾದ್ಯಮೇಳದೊಂದಿಗೆ ಕಣ್ಣಿನ ಚಲನೆಗಳಲ್ಲೇ ಅರ್ಧ ಕಥೆ ಹೇಳುವ ಲೆಗೊಂಗ್ ನೃತ್ಯವನ್ನು ಉಬುದ್ ಅರಮನೆಯ ಅಂಗಳದಲ್ಲಿ ಸಂಜೆ ನೋಡಬಹುದು. ವಾಯಂಗ್ ಕುಲಿತ್ ಎಂಬ ನೆರಳಿನಾಟ ಸಿಕ್ಕರೆ ಬಿಡಬಾರದು: ನಮ್ಮ ತೊಗಲುಗೊಂಬೆಯಾಟವನ್ನು ನೆನಪಿಸುವ ಇದರಲ್ಲಿ ಒಬ್ಬನೇ ಸೂತ್ರಧಾರ ದೀಪದ ಬೆಳಕಿನಲ್ಲಿ ಎಲ್ಲ ಪಾತ್ರಗಳಿಗೂ ದನಿಯಾಗುತ್ತಾನೆ, ರಾಜರು ‘ಕವಿ’ ಎಂಬ ಹಳೆಯ ಭಾಷೆಯಲ್ಲಿ ಆಡಿದ ಮಾತನ್ನು ತ್ವಾಲೆನ್ ಎಂಬ ಹಾಸ್ಯಗಾರ ಸೇವಕ ಜನರ ಭಾಷೆಗೆ ಇಳಿಸುತ್ತಾನೆ.

ದೇವಾಲಯಗಳಿಗೆ ಹೋಗುವಾಗ ಸೊಂಟಕ್ಕೆ ಪಂಚೆಯಂಥ ಬಟ್ಟೆ ಸುತ್ತಿ ಅದರ ಮೇಲೆ ನಡುಪಟ್ಟಿ ಕಟ್ಟಿಕೊಳ್ಳಬೇಕು. ಕಾಲುದಾರಿಯಲ್ಲಿ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವಿಟ್ಟ ಚನಾಂಗ್ ಸರಿ ಎಂಬ ನೈವೇದ್ಯ ಎಲ್ಲೆಲ್ಲೂ ಇರುತ್ತದೆ. ಅದನ್ನು ತುಳಿಯದಂತೆ ಪಕ್ಕಕ್ಕೆ ಸರಿದು ನಡೆಯಬೇಕು.

ಹಗಲಿನ ಚಟುವಟಿಕೆಗಳಿಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಒಣ ತಿಂಗಳುಗಳು ಸೂಕ್ತ. ಈಶಾನ್ಯ ಕರಾವಳಿಯ ತುಲಾಂಬೆನ್‌ನಲ್ಲಿ 1942ರಲ್ಲಿ ಟಾರ್ಪಿಡೊ ಏಟು ತಿಂದು ದಡಕ್ಕೆ ಸೇರಿದ್ದ ಲಿಬರ್ಟಿ ಎಂಬ ಅಮೆರಿಕನ್ ಹಡಗು, 1963ರ ಅಗುಂಗ್ ಜ್ವಾಲಾಮುಖಿಯ ಸ್ಫೋಟದ ವೇಳೆ ನೀರಿಗೆ ಜಾರಿ ಈಗ ಹವಳ ಹೊದ್ದು ಮಲಗಿದೆ. ದಡದಿಂದಲೇ ಈಜಿ ತಲುಪಬಹುದಾದ ಈ ಹಡಗನ್ನು ಡೈವಿಂಗ್ ಕಲಿತವರು ತಪ್ಪಿಸಿಕೊಳ್ಳಬಾರದು. 1,717 ಮೀಟರ್ ಎತ್ತರದ ಬಾತೂರ್ ಪರ್ವತವನ್ನು ನಸುಕಿಗೆ ಮುನ್ನ ಹತ್ತಿ ಸೂರ್ಯೋದಯ ನೋಡುವುದೂ ಜನಪ್ರಿಯ. ಆದರೆ ಡೈವಿಂಗ್ ಮಾಡಿದ ಬೆನ್ನಿಗೇ ಎತ್ತರಕ್ಕೇರುವುದು ಅಪಾಯಕರವಾದ್ದರಿಂದ ಪರ್ವತವನ್ನು ಮೊದಲು, ಸಮುದ್ರವನ್ನು ನಂತರ ಇಟ್ಟುಕೊಳ್ಳಬೇಕು. ಊರಿಗೆ ಮರಳುವ ವಿಮಾನಕ್ಕೂ ಕನಿಷ್ಠ 18 ಗಂಟೆ ಅಂತರವಿರಬೇಕು. ಕುಟಾದಲ್ಲಿ ಸೆಳವು ಬಲವಾಗಿರುತ್ತದೆ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕು.

ರಾತ್ರಿಜೀವನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೆಮಿನ್ಯಾಕ್ ಮತ್ತು ಚಂಗುವಿನ ಬೀಚ್ ಕ್ಲಬ್‌ಗಳು ಸೂರ್ಯಾಸ್ತದಿಂದಲೇ ತುಂಬುತ್ತವೆ, ಉಬುದ್ ಬೇಗ ಮಲಗುತ್ತದೆ. ಮೂಲ ತಿಳಿಯದ ಅರಾಕ್ ಎಂಬ ಸ್ಥಳೀಯ ಮದ್ಯದಲ್ಲಿ ಮೆಥನಾಲ್ ಬೆರೆತು ಜನರು ಸತ್ತದ್ದುಂಟು. ಸೀಲ್ ಒಡೆಯದ ಬಾಟಲಿಯ ಹೊರತು ಬೇರೆಯದನ್ನು ನಂಬಬಾರದು. ಮಾದಕವಸ್ತುಗಳ ವಿಷಯದಲ್ಲಿ ಇಂಡೊನೇಷ್ಯಾದ ಕಾನೂನು ಅತ್ಯಂತ ಕಠಿಣ, ಸಾಗಣೆಗೆ ಮರಣದಂಡನೆಯವರೆಗೂ ಶಿಕ್ಷೆಯಿದೆ.

ಕೊಳ್ಳುವವರು ಉಬುದ್‌ನ ದಕ್ಷಿಣದ ರಸ್ತೆಗೆ ಒಂದು ಇಡೀ ದಿನ ಮೀಸಲಿಡಬಹುದು, ಏಕೆಂದರೆ ಅಲ್ಲಿ ಒಂದೊಂದು ಊರಿಗೆ ಒಂದೊಂದು ಕಸುಬು: ಚೆಲುಕ್‌ನಲ್ಲಿ ಬೆಳ್ಳಿ, ಮಾಸ್‌ನಲ್ಲಿ ಮರದ ಕೆತ್ತನೆ, ಬಟುಬುಲಾನ್‌ನಲ್ಲಿ ಕಲ್ಲಿನ ಶಿಲ್ಪ, ಬಟುವಾನ್‌ನಲ್ಲಿ ಚಿತ್ರಕಲೆ. ಸುಕಾವತಿಯ ಮಾರುಕಟ್ಟೆಯಲ್ಲಿ ನಗುನಗುತ್ತಾ ಚೌಕಾಸಿ ಮಾಡಬೇಕು, ಒಪ್ಪಿದ ಬೆಲೆಯಿಂದ ಹಿಂದೆ ಸರಿಯಬಾರದು. ಹಣ ಬದಲಿಸುವಾಗ ಪರವಾನಗಿ ಇರುವ ಕಚೇರಿಗೇ ಹೋಗಿ, ನೋಟುಗಳನ್ನು ಕೊನೆಯದಾಗಿ ತಾವೇ ಎಣಿಸಿದ ಮೇಲೆ ಮತ್ತೆ ಅಂಗಡಿಯವನ ಕೈಗೆ ಕೊಡಬಾರದು. ರುಪಿಯಾದ ಸೊನ್ನೆಗಳ ಗೊಂದಲದಲ್ಲೇ ಮೋಸ ನಡೆಯುತ್ತದೆ. ನೇಯ್ಗೆಯಲ್ಲಿ ಆಸಕ್ತಿಯಿರುವವರು ಪೂರ್ವದ ತೆಂಗನಾನ್ ಹಳ್ಳಿಯವರೆಗೂ ಹೋಗಬೇಕು. ಹಾಸು ಮತ್ತು ಹೊಕ್ಕು ಎರಡರ ನೂಲನ್ನೂ ನೇಯುವ ಮೊದಲೇ ಕಟ್ಟಿ ಬಣ್ಣ ಹಾಕುವ ಗೆರಿಂಗ್‌ಸಿಂಗ್ ಬಟ್ಟೆ ಸಿದ್ಧವಾಗಲು ವರ್ಷಗಳೇ ಹಿಡಿಯುವುದುಂಟು. ಆದ್ದರಿಂದ ಅಗ್ಗಕ್ಕೆ ಸಿಕ್ಕ ತುಂಡನ್ನು ಅಸಲಿಯೆಂದು ಭಾವಿಸದೆ, ಮಗ್ಗದ ಮುಂದೆ ಕುಳಿತವರಿಂದಲೇ ನೇರವಾಗಿ ಕೇಳಿ ಕೊಳ್ಳಬೇಕು.