ಕಮಾಂಡೋ ಎಂದು ಹೇಳಿಕೊಳ್ಳುವ ಕರಾಟೆ ಮಾಸ್ತರರ ಬಳಿ ಏನನ್ನು ಕೇಳಬೇಕು?

ಮಕ್ಕಳನ್ನು ಕರಾಟೆ ತರಗತಿಗೆ ಸೇರಿಸುವಾಗ ‘ನಾನು ಸೇನೆಯಲ್ಲಿ ಕಮಾಂಡೋ ಆಗಿದ್ದೆ’ ಎನ್ನುವ ಮಾಸ್ತರರು ಸಿಕ್ಕರೆ, ಗೋಡೆಯ ಮೇಲಿನ ಸಮವಸ್ತ್ರದ ಫೋಟೊ ನೋಡಿಯೇ ಶುಲ್ಕ ಕಟ್ಟದೆ, ಡಿಸ್ಚಾರ್ಜ್ ಪುಸ್ತಕ (ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಸೇವಾ ದಾಖಲೆ) ತೋರಿಸುವಂತೆ ವಿನಯದಿಂದ ಕೇಳಿ. ಸಿಪಾಯಿ, ಹವಾಲ್ದಾರ್ ಹುದ್ದೆಗಳಿಂದ ನಿವೃತ್ತರಾದವರು ಅದನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಸೇವಾ ಸಂಖ್ಯೆ, ರೆಜಿಮೆಂಟ್, ಸೇರಿದ ಮತ್ತು ಬಿಡುಗಡೆಯಾದ ದಿನಾಂಕಗಳ ಜೊತೆಗೆ ಟ್ರೇಡ್ (ಸೇನೆಯಲ್ಲಿ ಮಾಡಿದ ಕೆಲಸದ ಬಗೆ) ಕೂಡ ಅದರಲ್ಲಿ ನಮೂದಾಗಿರುತ್ತದೆ. ಅಲ್ಲಿ ಗುಮಾಸ್ತ ಅಥವಾ ಚಾಲಕ ಎಂದಿದ್ದರೆ ಆ ಸೇವೆಯೂ ಗೌರವದ್ದೇ, ಆದರೆ ಜಾಹೀರಾತಿನ ಮಾತು ಬೇರೆಯಾಗುತ್ತದೆ.

‘ಕಮಾಂಡೋ’ ಎಂಬ ಪದವನ್ನೂ ಬಿಡಿಸಿ ಕೇಳಬೇಕು. ಬೆಳಗಾವಿಯಲ್ಲಿ ಸೇನೆಯ ಕಮಾಂಡೋ ಕೋರ್ಸ್ ನಡೆಯುತ್ತದೆ. ಅದನ್ನು ಮುಗಿಸಿದವರು ತಮ್ಮ ಪಡೆಗೇ ಮರಳುವುದು ರೂಢಿ. ಮರೂನ್ ಟೋಪಿ ಮತ್ತು ‘ಬಲಿದಾನ’ ಬ್ಯಾಡ್ಜ್ ಇರುವ ಪ್ಯಾರಾ ವಿಶೇಷ ಪಡೆಯ ಯೋಧರಾಗುವುದು ಬೇರೆಯೇ ವಿಷಯ. ‘ಸೇನೆಗೇ ತರಬೇತಿ ಕೊಟ್ಟಿದ್ದೇನೆ’ ಎನ್ನುವವರ ಬಳಿ ಯಾವ ಘಟಕಕ್ಕೆ, ಯಾವ ವರ್ಷ, ಎಷ್ಟು ದಿನ ಎಂದು ಕೇಳಿದರೆ, ಒಂದು ಮಧ್ಯಾಹ್ನದ ಪ್ರದರ್ಶನವೇ ತರಬೇತಿಯ ಹೆಸರು ಪಡೆದಿರುವುದು ತಿಳಿಯಬಹುದು.

‘ಅದೆಲ್ಲ ರಹಸ್ಯ’ ಎಂಬ ಉತ್ತರವನ್ನು ನಾನಂತೂ ಒಪ್ಪುವುದಿಲ್ಲ. ಕಾರ್ಯಾಚರಣೆ ರಹಸ್ಯವಾಗಿರಬಹುದು, ಆದರೆ ರೆಜಿಮೆಂಟಿನ ಹೆಸರು ಮುಚ್ಚಿಡುವಂಥದ್ದಲ್ಲ. ದಾಖಲೆಯ ಪ್ರತಿಯನ್ನಾಗಲಿ ಫೋಟೊವನ್ನಾಗಲಿ ಪಡೆಯಬೇಡಿ, ನೋಡಿ ಹಿಂದಿರುಗಿಸಿದರೆ ಸಾಕು. ಸಂಶಯ ಉಳಿದರೆ ಪರಿಚಯದ ಮಾಜಿ ಸೈನಿಕರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅವರಿಬ್ಬರ ಹತ್ತು ನಿಮಿಷದ ಮಾತುಕತೆಯಲ್ಲಿಯೇ ಬಹಳಷ್ಟು ಗೊತ್ತಾಗುತ್ತದೆ.